ಕೀವು ಕಟ್ಟಿದ ಹಲ್ಲಿಗೆ ಮರಗಟ್ಟಿಸುವ ಇಂಜೆಕ್ಷನ್ ನಾಟದಿರುವುದೇಕೆ?

ಪ್ರಶ್ನೆ: ನನ್ನ ತಂದೆಯವರಿಗೆ 63 ವರ್ಷ, ತೂಕ ಸುಮಾರು 60 ಕೆ.ಜಿ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಊಟವಾದ ಮೇಲೆ ಎಲೆ, ಅಡಿಕೆ, ಸುಣ್ಣದ ಜೊತೆ ಒಂದು ಚೂರು ಹೊಗೆಸೊಪ್ಪು ಹಾಕುವ ಅಭ್ಯಾಸ ಬಹಳ ಹಿಂದಿನಿಂದಲೂ ಇದೆ. ಕಳೆದ ವಾರ ಕೆಳದವಡೆಯ ಎಡಗಡೆಯ ಹಲ್ಲು ವಿಪರೀತ ನೋಯತೊಡಗಿ ಕೆನ್ನೆ ಊದಿಕೊಂಡಿತು. ದಂತವೈದ್ಯರು ಮೊದಲು ಬಾಯಿಯ ಹಿಂಭಾಗದಲ್ಲಿ ಒಂದು ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ತುಟಿ ಮತ್ತು ಅರ್ಧ ನಾಲಿಗೆ ಮರಗಟ್ಟಿದವು, ಆದರೆ ಹಲ್ಲನ್ನು ಮುಟ್ಟಿದ ಕೂಡಲೇ ಅಪ್ಪ ಕಿರುಚಿಕೊಂಡರು. ಆಮೇಲೆ ಊದಿದ ವಸಡಿಗೇ ಎರಡು ಸಲ ಚುಚ್ಚಿದರು. ಉರಿ ಹೆಚ್ಚಾಯಿತೇ ಹೊರತು ನೋವು ಕಡಿಮೆಯಾಗಲಿಲ್ಲ. ವೈದ್ಯರು ಅಲ್ಲಿಗೇ ನಿಲ್ಲಿಸಿ, ಮಾತ್ರೆ ಬರೆದುಕೊಟ್ಟು, ಕೆಲವು ದಿನ ಬಿಟ್ಟು ಬರಲು ಹೇಳಿದ್ದಾರೆ. ಮನೆಯಲ್ಲಿ ಒಬ್ಬರು ಔಷಧಿಯೇ ನಕಲಿ ಎನ್ನುತ್ತಾರೆ, ಇನ್ನೊಬ್ಬರು ಹೊಗೆಸೊಪ್ಪು ಹಾಕುವವರಿಗೆ ಇಂಜೆಕ್ಷನ್ ನಾಟುವುದಿಲ್ಲ ಎನ್ನುತ್ತಾರೆ. ಅಪ್ಪನಿಗೆ ಚಿಕ್ಕಂದಿನಲ್ಲಿ ಎರಡು ಸಲ ಚೇಳು ಕುಟುಕಿತ್ತಂತೆ, ಅದರಿಂದಲೇ ಹೀಗಾಗಿದೆ ಎಂಬುದು ಅತ್ತೆಯವರ ಮಾತು. ಮೂರು ಸಲ ಚುಚ್ಚಿದ ಔಷಧಿ ನರದ ಮೂಲಕ ಮೆದುಳಿಗೆ ಏರಿ ನೆನಪಿನ ಶಕ್ತಿ ಹೋಗುತ್ತದೆಯೇ ಎಂಬ ಭಯ ಅಪ್ಪನಿಗೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕೋಶಪೊರೆ ಕೊಬ್ಬಿನದು, ಎಲ್ಲವನ್ನೂ ಒಳಗೆ ಬಿಡುವುದಿಲ್ಲ ಎಂದು ಮಕ್ಕಳಿಗೆ ಹೇಳುತ್ತೇನೆ. ಹಾಗಿದ್ದರೆ ಈ ಔಷಧಿ ನರದೊಳಗೆ ಹೋಗುವುದಾದರೂ ಹೇಗೆ, ಅಪ್ಪನ ವಿಷಯದಲ್ಲಿ ಏಕೆ ಹೋಗಲಿಲ್ಲ, ಮುಂದಿನ ಸಲ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಆದದ್ದು ಏನು ಎಂಬುದು ಒಂದು, ಮತ್ತೆ ಹಾಗೆಯೇ ಆದರೆ ಏನು ಗತಿ ಎಂಬುದು ಇನ್ನೊಂದು. ಎರಡಕ್ಕೂ ಉತ್ತರವಿದೆ. ಅದಕ್ಕೆ ಮೊದಲು ಒಂದು ಮಾತನ್ನು ದಯವಿಟ್ಟು ನಿಮ್ಮ ತಂದೆಯವರಿಗೆ ತಿಳಿಸಿ: ಅವರಿಗೆ ಆದ ನೋವು ನಿಜವಾದ ನೋವು. ಅದು ಹೆದರಿಕೆಯಿಂದ ಹುಟ್ಟಿದ್ದಲ್ಲ, ಸಹನೆಯ ಕೊರತೆಯೂ ಅಲ್ಲ. ಅರಿವಳಿಕೆ ತಜ್ಞನಾಗಿ ಇಷ್ಟು ವರ್ಷಗಳಲ್ಲಿ ಕೀವು ಕಟ್ಟಿದ ಜಾಗಕ್ಕೆ ಇಂಜೆಕ್ಷನ್ ಸರಿಯಾಗಿ ನಾಟದಿರುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕಂಡಿದ್ದೇನೆ. ಬಲವಂತವಾಗಿ ಹಲ್ಲು ಕೀಳದೆ ನಿಲ್ಲಿಸಿದ ನಿಮ್ಮ ದಂತವೈದ್ಯರು ಮಾಡಿದ್ದು ಸರಿಯಾದ ಕೆಲಸ.

ಔಷಧಿ ನಕಲಿ ಎಂಬ ಅನುಮಾನವನ್ನು ನೀವು ಬರೆದ ವಿವರವೇ ಪರಿಹರಿಸುತ್ತದೆ. ಮೊದಲ ಇಂಜೆಕ್ಷನ್ನಿನ ನಂತರ ತುಟಿ ಮತ್ತು ನಾಲಿಗೆ ಮರಗಟ್ಟಿದವು ಎಂದಿದ್ದೀರಿ. ಬರೀ ನೀರಿನಿಂದ ಹಾಗಾಗುವುದಿಲ್ಲ. ಔಷಧಿ ಒಂದು ಕಡೆ ಕೆಲಸ ಮಾಡಿತು, ಇನ್ನೊಂದು ಕಡೆ ಮಾಡಲಿಲ್ಲ. ಈ ವ್ಯತ್ಯಾಸ ಅರ್ಥವಾಗಬೇಕಾದರೆ ನೀವು ತರಗತಿಯಲ್ಲಿ ಹೇಳುವ ಆ ಕೊಬ್ಬಿನ ಪೊರೆಯ ಬಳಿಗೇ ಹೋಗಬೇಕು.

ನರಕೋಶದ ಪೊರೆ ಎರಡು ಪದರ ಕೊಬ್ಬಿನ ಅಣುಗಳಿಂದ ಆದದ್ದು. ಅದರ ದಪ್ಪ ಸುಮಾರು 5 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಎರಡು ಲಕ್ಷದಲ್ಲಿ ಒಂದು ಭಾಗ. ತುಪ್ಪದಲ್ಲಿ ಉಪ್ಪು ಕರಗುವುದಿಲ್ಲ, ಆದರೆ ಮೆಣಸಿನಕಾಯಿಯ ಖಾರ ಒಗ್ಗರಣೆಯ ಎಣ್ಣೆಗೆ ಚೆನ್ನಾಗಿ ಇಳಿಯುತ್ತದೆ. ಪೊರೆಯ ನಡತೆಯೂ ಇದೇ. ಆಮ್ಲಜನಕ, ಇಂಗಾಲದ ಡೈಆಕ್ಸೈಡ್, ಮದ್ಯಸಾರ, ಕೊಬ್ಬಿನಲ್ಲಿ ಕರಗುವ ಔಷಧಿಗಳು ಯಾರ ಸಹಾಯವೂ ಇಲ್ಲದೆ ಅದರಲ್ಲಿ ಕರಗಿ ಆಚೆ ಬದಿಗೆ ಹೋಗುತ್ತವೆ. ಸೋಡಿಯಂ, ಪೊಟ್ಯಾಸಿಯಂ ಮುಂತಾದ ವಿದ್ಯುದಾವೇಶ ಹೊತ್ತ ಅಯಾನುಗಳು ಎಷ್ಟೇ ಚಿಕ್ಕವಾದರೂ ಅಲ್ಲಿ ಕರಗಲಾರವು. ಅವಕ್ಕೆ ಪ್ರೊಟೀನಿನಿಂದ ಆದ ಬೇರೆ ದಾರಿ ಬೇಕು. ಪದಾರ್ಥದ ಗಾತ್ರಕ್ಕಿಂತ ಅದು ಆವೇಶ ಹೊತ್ತಿದೆಯೇ ಇಲ್ಲವೇ ಎಂಬುದು ಇಲ್ಲಿ ಮುಖ್ಯ. ನಿಮ್ಮ ತಂದೆಯವರ ಹಲ್ಲುನೋವಿನ ಕಥೆಯೂ ಮುಕ್ಕಾಲು ಪಾಲು ಇದರ ಸುತ್ತಲೇ ಇದೆ.

ಪ್ರೊಟೀನಿನ ದಾರಿಗಳಲ್ಲಿ ಎರಡನ್ನು ಹೇಳಿದರೆ ನಮ್ಮ ವಿಷಯಕ್ಕೆ ಸಾಕು. ಒಂದು ಪಂಪು. ಅದು ಶಕ್ತಿ ವ್ಯಯಿಸಿ ಪ್ರತಿ ಸುತ್ತಿನಲ್ಲಿ ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ಈ ಪಂಪನ್ನು 1957ರಲ್ಲಿ ವಿವರಿಸಿದ ಡೆನ್ಮಾರ್ಕಿನ ಯೆನ್ಸ್ ಸ್ಕೋ ಅವರಿಗೆ 1997ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಪಂಪಿನ ಈ ದುಡಿಮೆಯಿಂದಾಗಿಯೇ ಸೋಡಿಯಂ ನರದ ಹೊರಗೆ ಒಳಗಿಗಿಂತ ಹತ್ತು ಪಟ್ಟಿಗೂ ಹೆಚ್ಚು ಇರುತ್ತದೆ, ಮತ್ತು ವಿಶ್ರಾಂತಿಯಲ್ಲಿರುವ ನರದ ಒಳಬದಿ ಹೊರಬದಿಗಿಂತ ಸುಮಾರು 70 ಮಿಲಿವೋಲ್ಟ್ ಋಣವಾಗಿರುತ್ತದೆ. ಇನ್ನೊಂದು ಸೋಡಿಯಂ ಚಾನೆಲ್. ಇದನ್ನು ಕೆರೆಯ ತೂಬಿನಂತೆ ಭಾವಿಸಿಕೊಳ್ಳಿ. ತುಂಬಿದ ಕೆರೆಯ ತೂಬು ತೆಗೆದರೆ ನೀರನ್ನು ಯಾರೂ ತಳ್ಳಬೇಕಾಗಿಲ್ಲ, ತಾನಾಗಿಯೇ ನುಗ್ಗುತ್ತದೆ. ಹಲ್ಲಿನ ಬೇರಿನಲ್ಲಿ ನೋವು ಹುಟ್ಟಿದಾಗ ಅಲ್ಲಿನ ನರದ ಪೊರೆಯ ವೋಲ್ಟೇಜ್ ಸ್ವಲ್ಪ ಬದಲಾಗಿ ತೂಬುಗಳು ತೆರೆಯುತ್ತವೆ. ಹೊರಗಿದ್ದ ಸೋಡಿಯಂ ಒಳಗೆ ನುಗ್ಗುತ್ತದೆ. ಅದರಿಂದ ಪಕ್ಕದ ತೂಬುಗಳೂ ತೆರೆಯುತ್ತವೆ. ತೆರೆದ ಒಂದೇ ಚಾನೆಲ್ಲಿನಲ್ಲಿ ಸೆಕೆಂಡಿಗೆ ಸುಮಾರು 1 ಕೋಟಿ ಅಯಾನುಗಳ ವೇಗದಲ್ಲಿ ಹರಿವು ನಡೆಯಬಲ್ಲದು, ಆದರೆ ಅದು ತೆರೆದಿರುವುದು ಒಂದು ಮಿಲಿಸೆಕೆಂಡಿನಷ್ಟು ಕಾಲ ಮಾತ್ರ. ಹೀಗೆ ಒಂದರಿಂದ ಒಂದಕ್ಕೆ ದಾಟುತ್ತಾ ನೋವಿನ ಸುದ್ದಿ ಮೆದುಳನ್ನು ಮುಟ್ಟುತ್ತದೆ.

ಇದನ್ನು ಅಂಕಿಗಳಲ್ಲಿ ಹಿಡಿದುಕೊಟ್ಟವರು ಬ್ರಿಟನ್ನಿನ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ. ನಮ್ಮ ಕರಾವಳಿಯವರು ಬೊಂಡಾಸ ಎಂದು ಕರೆಯುವ ಸ್ಕ್ವಿಡ್‌ನ ದೇಹದಲ್ಲಿ ಅರ್ಧ ಮಿಲಿಮೀಟರಿಗಿಂತಲೂ ದಪ್ಪವಾಗಬಲ್ಲ ನರತಂತು ಇದೆ. ಅದರೊಳಗೆ ತಂತಿಯನ್ನೇ ತೂರಿಸಿ ವೋಲ್ಟೇಜ್ ಅಳೆದು ಅವರು 1952ರಲ್ಲಿ ಪ್ರಕಟಿಸಿದ ಲೇಖನಗಳು ಇಂದಿಗೂ ಈ ಶಾಸ್ತ್ರದ ಬುನಾದಿ. ಅವರಿಗೆ 1963ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಿಮ್ಮ ವಿದ್ಯಾರ್ಥಿಗಳಿಗೆ ಈ ಕಥೆಯನ್ನು ಖಂಡಿತ ಹೇಳಿ. ಪಠ್ಯದಲ್ಲಿ ಒಂದು ಚಿತ್ರವಾಗಿ ಮುಗಿದುಹೋಗುವ ನರಪೊರೆಗೆ ಅಲ್ಲಿ ಜೀವ ಬರುತ್ತದೆ.

ಈಗ ಔಷಧಿಯ ವಿಷಯ. ದಂತವೈದ್ಯರು ಸಾಮಾನ್ಯವಾಗಿ ಕೊಡುವುದು ಲಿಗ್ನೋಕೇನ್. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ ಈ ಪದಾರ್ಥ ಆ ಸೋಡಿಯಂ ತೂಬನ್ನು ಮುಚ್ಚುತ್ತದೆ. ಸುದ್ದಿ ಮುಂದೆ ಹೋಗುವುದಿಲ್ಲ, ನೋವು ತಿಳಿಯುವುದಿಲ್ಲ. ಆದರೆ ತೂಬನ್ನು ಅದು ಮುಚ್ಚುವುದು ಹೊರಗಿನಿಂದಲ್ಲ, ನರದ ಒಳಬದಿಯಿಂದ. ಇದು ಹೇಗೆ ಗೊತ್ತಾಯಿತೆಂದರೆ, ಲಿಗ್ನೋಕೇನಿನ ಅಣುವಿಗೆ ಕಳಚಲಾಗದಂತೆ ಧನಾವೇಶವನ್ನು ಅಂಟಿಸಿದ ಕ್ಯೂಎಕ್ಸ್-314 ಎಂಬ ಪದಾರ್ಥವನ್ನು ವಿಜ್ಞಾನಿಗಳು ಪರೀಕ್ಷಿಸಿದರು. ಅದನ್ನು ನರದ ಹೊರಗೆ ಸುರಿದರೆ ಏನೂ ಆಗಲಿಲ್ಲ, ಅದೇ ಪದಾರ್ಥವನ್ನು ನರದ ಒಳಗೆ ಸೇರಿಸಿದಾಗ ಸುದ್ದಿ ನಿಂತಿತು. ಅಂದರೆ ಆವೇಶವಿರುವ ರೂಪಕ್ಕೆ ಕೆಲಸ ಮಾಡುವ ಶಕ್ತಿ ಚೆನ್ನಾಗಿದೆ, ಆದರೆ ಒಳಗೆ ಹೋಗುವ ಶಕ್ತಿ ಇಲ್ಲ.

ಸಾಮಾನ್ಯ ಲಿಗ್ನೋಕೇನ್ ಈ ತೊಡಕನ್ನು ದಾಟುವುದು ಎರಡು ರೂಪಗಳನ್ನು ತಾಳುವುದರಿಂದ. ದ್ರವದಲ್ಲಿ ಅದರ ಕೆಲವು ಅಣುಗಳು ಆವೇಶ ಹೊತ್ತಿರುತ್ತವೆ, ಕೆಲವು ಹೊತ್ತಿರುವುದಿಲ್ಲ, ಮತ್ತು ಅವು ಕ್ಷಣಕ್ಷಣಕ್ಕೂ ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಗುತ್ತಲೇ ಇರುತ್ತವೆ. ಆವೇಶವಿಲ್ಲದ ಅಣು ಕೊಬ್ಬಿನ ಪೊರೆಯಲ್ಲಿ ಕರಗಿ ಒಳಗೆ ಇಳಿಯುತ್ತದೆ. ಒಳಗೆ ಹೋದ ಮೇಲೆ ಬಹುಪಾಲು ಅಣುಗಳು ಮತ್ತೆ ಆವೇಶ ಪಡೆದು ತೂಬಿಗೆ ಒಳಬದಿಯಿಂದ ಅಂಟಿಕೊಳ್ಳುತ್ತವೆ. ಯಾವ ರೂಪ ಎಷ್ಟಿರಬೇಕೆಂಬುದನ್ನು ನಿರ್ಧರಿಸುವುದು ಸುತ್ತಲಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ. ಆ ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು. ಲಿಗ್ನೋಕೇನ್‌ಗೆ ಪಿಎಚ್ 7.9ರಲ್ಲಿ ಎರಡು ರೂಪಗಳೂ ಸಮಸಮ. ಆರೋಗ್ಯವಂತ ಅಂಗಾಂಶದ ಪಿಎಚ್ 7.4. ಅಲ್ಲಿ 100 ಅಣುಗಳಲ್ಲಿ ಸುಮಾರು 24 ಆವೇಶವಿಲ್ಲದೆ ಇರುತ್ತವೆ, ಮತ್ತು ಇಷ್ಟು ಇದ್ದರೆ ನರ ಮರಗಟ್ಟಲು ಸಾಕು.

ಕೀವು ಕಟ್ಟಿದ ಜಾಗದಲ್ಲಿ ಈ ಲೆಕ್ಕ ತಪ್ಪುತ್ತದೆ. ಬ್ಯಾಕ್ಟೀರಿಯಾ ಮತ್ತು ಅವುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳು ಸೇರಿ ಅಲ್ಲಿ ಆಮ್ಲವನ್ನು ತುಂಬುತ್ತವೆ. ಪಿಎಚ್ 6.4ಕ್ಕೆ ಇಳಿದಿದೆ ಎಂದುಕೊಂಡರೆ 100 ಅಣುಗಳಲ್ಲಿ ಆವೇಶವಿಲ್ಲದವು ಸುಮಾರು 3 ಮಾತ್ರ. ಔಷಧಿ ಅಷ್ಟೇ ಇದೆ, ಆದರೆ ಪೊರೆಯನ್ನು ದಾಟಬಲ್ಲ ಪಾಲು ಎಂಟನೆಯ ಒಂದು ಭಾಗಕ್ಕೆ ಕುಸಿಯಿತು. ಉಳಿದದ್ದು ನರದ ಹೊರಗೇ ನಿಂತಿದೆ. ಊದಿದ ವಸಡಿಗೆ ಕೊಟ್ಟ ಎರಡು ಇಂಜೆಕ್ಷನ್‌ಗಳ ಗತಿ ಇದೇ ಆಗಿರಬೇಕು. ಜೊತೆಗೆ ಉರಿಯೂತವಿರುವ ಕಡೆ ರಕ್ತನಾಳಗಳು ಹಿಗ್ಗಿ ರಕ್ತದ ಹರಿವು ಹೆಚ್ಚಾಗಿರುವುದರಿಂದ, ಒಳಗೆ ಇಳಿಯಲು ಕಾಯುತ್ತಿದ್ದ ಔಷಧಿಯೂ ಬೇಗನೆ ಕೊಚ್ಚಿಹೋಗುತ್ತದೆ. ಅವರಿಗೆ ಉರಿ ಹೆಚ್ಚಾದದ್ದಕ್ಕೂ ಕಾರಣವಿದೆ. ರಕ್ತನಾಳಗಳನ್ನು ಕುಗ್ಗಿಸುವ ಅಡ್ರಿನಲಿನ್ ಬೆರೆಸಿದ ಲಿಗ್ನೋಕೇನ್ ಕೆಡದಂತೆ ಇರಲು ಅದನ್ನು ಆಮ್ಲೀಯವಾಗಿಯೇ ತಯಾರಿಸುತ್ತಾರೆ, ಸಾಮಾನ್ಯವಾಗಿ ಅದರ ಪಿಎಚ್ 3.5ರಿಂದ 4.5ರ ಆಸುಪಾಸು. ಮೊದಲೇ ಬಿಗಿದುಕೊಂಡಿದ್ದ ವಸಡಿಗೆ ಅಂಥ ದ್ರವವನ್ನು ಒತ್ತಿ ತುಂಬಿದರೆ ಉರಿಯದೆ ಇರುವುದಿಲ್ಲ.

ಇದೇ ತತ್ತ್ವದ ತಿರುವುಮುರುವು ರೂಪ ನಿಮ್ಮ ತಂದೆಯವರ ಎಲೆಯಡಿಕೆ ಚೀಲದಲ್ಲೇ ಇದೆ. ಹೊಗೆಸೊಪ್ಪಿಗೆ ಸುಣ್ಣ ಹಚ್ಚುವುದು ಏಕೆಂದು ಕೇಳಿದರೆ ಹಳಬರು ಗತ್ತು ಬರುತ್ತದೆ ಎನ್ನುತ್ತಾರೆ. ಅವರ ಅನುಭವ ನಿಜ. ನಿಕೋಟಿನ್ ಕೂಡ ಲಿಗ್ನೋಕೇನಿನಂತೆ ಎರಡು ರೂಪ ತಾಳುವ ಪದಾರ್ಥ. ಸುಣ್ಣ ಬಾಯಿಯನ್ನು ಕ್ಷಾರೀಯವಾಗಿಸಿ ಪಿಎಚ್ 9ರ ಹತ್ತಿರ ಒಯ್ದರೆ 100 ನಿಕೋಟಿನ್ ಅಣುಗಳಲ್ಲಿ ಸುಮಾರು 90 ಆವೇಶ ಕಳೆದುಕೊಂಡು, ಕೆನ್ನೆಯ ಒಳಪೊರೆಯನ್ನು ಸರಾಗವಾಗಿ ದಾಟಿ ರಕ್ತಕ್ಕೆ ಸೇರುತ್ತವೆ. ಸುಣ್ಣ ತೆರೆಯುವ ದಾರಿಯನ್ನು ಕೀವು ಮುಚ್ಚುತ್ತದೆ. ಇದನ್ನು ಓದಿ ಯಾರೂ ನೋಯುವ ವಸಡಿಗೆ ಸುಣ್ಣ ಹಚ್ಚಬಾರದು, ಏಕೆಂದರೆ ಸುಣ್ಣ ವಸಡನ್ನು ಸುಟ್ಟು ಹುಣ್ಣು ಮಾಡುತ್ತದೆ.

ನಮ್ಮ ಪಠ್ಯಪುಸ್ತಕಗಳಲ್ಲಿ ಈ ಆಮ್ಲದ ವಿವರಣೆಯೇ ಪೂರ್ತಿ ಉತ್ತರವೆಂಬಂತೆ ಬರುತ್ತದೆ. ನನಗೆ ಅದು ಸಾಲದು ಎನಿಸುತ್ತದೆ, ಮತ್ತು ನಿಮ್ಮ ತಂದೆಯವರ ಮೊದಲ ಇಂಜೆಕ್ಷನ್ ಅದಕ್ಕೆ ಒಳ್ಳೆಯ ಉದಾಹರಣೆ. ಅದನ್ನು ಕೊಟ್ಟದ್ದು ಕೀವಿನಿಂದ ದೂರದಲ್ಲಿ, ದವಡೆಯ ಮೂಳೆಯೊಳಗೆ ನರ ಪ್ರವೇಶಿಸುವ ಜಾಗದ ಹತ್ತಿರ. ಅಲ್ಲಿನ ಪಿಎಚ್ ಸರಿಯಾಗಿಯೇ ಇತ್ತು, ಆದ್ದರಿಂದಲೇ ತುಟಿ ಮರಗಟ್ಟಿತು. ಹಾಗಿದ್ದರೂ ಅದೇ ನರದ ಶಾಖೆ ಹೋಗುವ ಹಲ್ಲು ಏಕೆ ನೋಯಿತು? ಒಂದು ಮುಖ್ಯ ಕಾರಣ, ಬಹುಕಾಲ ಉರಿಯೂತದಲ್ಲಿದ್ದ ಹಲ್ಲಿನ ನರ ಮೊದಲಿನ ನರವಾಗಿ ಉಳಿದಿರುವುದಿಲ್ಲ. ಉರಿಯೂತದಲ್ಲಿ ಹುಟ್ಟುವ ಪ್ರೊಸ್ಟಗ್ಲಾಂಡಿನ್ ಮುಂತಾದ ಪದಾರ್ಥಗಳಿಂದ ಅದು ಅತಿ ಸೂಕ್ಷ್ಮವಾಗಿರುತ್ತದೆ, ಸಣ್ಣ ಸ್ಪರ್ಶಕ್ಕೂ ತೂಬುಗಳು ತೆರೆದುಕೊಳ್ಳುತ್ತವೆ. ಅಲ್ಲದೆ ಸೋಡಿಯಂ ಚಾನೆಲ್‌ಗಳೆಲ್ಲ ಒಂದೇ ಜಾತಿಯವಲ್ಲ. ಲಿಗ್ನೋಕೇನ್‌ಗೆ ಸುಲಭವಾಗಿ ಬಗ್ಗದ ಕೆಲವು ಬಗೆಯ ಚಾನೆಲ್‌ಗಳು ನೋವಿನ ನರಗಳಲ್ಲಿ ಇವೆ, ಮತ್ತು ಉರಿಯೂತದಲ್ಲಿ ಅವುಗಳ ಸಂಖ್ಯೆ ಹಾಗೂ ಚಟುವಟಿಕೆ ಹೆಚ್ಚಾಗುತ್ತದೆ. ಇನ್ನು ಕೆಲವರಲ್ಲಿ ಕೆಳದವಡೆಯ ಹಲ್ಲುಗಳಿಗೆ ಮುಖ್ಯ ನರದ ಜೊತೆಗೆ ಬೇರೆ ದಾರಿಯಿಂದಲೂ ಒಂದು ಸಣ್ಣ ಶಾಖೆ ಬರುತ್ತದೆ. ಮೊದಲ ಇಂಜೆಕ್ಷನ್ ಅದನ್ನು ತಲುಪುವುದಿಲ್ಲ. ತುಟಿ ಮರಗಟ್ಟಿದೆ, ಇನ್ನು ಹಲ್ಲು ನೋಯುವುದಿಲ್ಲ ಎಂದು ವೈದ್ಯರಾಗಲಿ ಮನೆಯವರಾಗಲಿ ತೀರ್ಮಾನಿಸಬಾರದು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಹೊಗೆಸೊಪ್ಪು ಹಾಕುವವರಿಗೆ ಇಂಜೆಕ್ಷನ್ ನಾಟುವುದಿಲ್ಲ ಎಂಬ ಮಾತಿಗೆ, ನರ ಜಡ್ಡುಗಟ್ಟಿದೆ ಎಂಬ ಅರ್ಥದಲ್ಲಿ, ಆಧಾರವಿಲ್ಲ. ಆದರೆ ಆ ಮಾತು ಹುಟ್ಟಿಕೊಂಡದ್ದರ ಹಿಂದೆ ಕಂಡ ಅನುಭವ ಇರಬಹುದು. ಅಡಿಕೆಯನ್ನು, ಅದರಲ್ಲೂ ಗುಟ್ಕಾ ರೂಪದಲ್ಲಿ, ವರ್ಷಗಟ್ಟಲೆ ಜಗಿಯುವವರಲ್ಲಿ ಕೆನ್ನೆಯ ಒಳಪೊರೆ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಷ್ಟವಾಗುವ ಕಾಯಿಲೆಯೊಂದಿದೆ. ಬಾಯಿ ಎರಡು ಬೆರಳಷ್ಟೂ ತೆರೆಯದಿದ್ದರೆ ಸೂಜಿಯನ್ನು ಸರಿಯಾದ ಜಾಗಕ್ಕೆ ಒಯ್ಯುವುದು ಯಾವ ವೈದ್ಯರಿಗೂ ಸುಲಭವಲ್ಲ. ಆಗ ಸೋಲುವುದು ಗುರಿ, ಔಷಧಿಯಲ್ಲ. ಆ ಕಾಯಿಲೆ ಮುಂದೆ ಕ್ಯಾನ್ಸರಿಗೆ ತಿರುಗುವ ಸಾಧ್ಯತೆಯೂ ಇರುವುದರಿಂದ ನಿಮ್ಮ ತಂದೆಯವರ ಬಾಯಿ ಮೊದಲಿನಷ್ಟು ತೆರೆಯುತ್ತದೆಯೇ, ಖಾರ ತಿಂದರೆ ಒಳಗೆಲ್ಲ ಉರಿಯುತ್ತದೆಯೇ ಎಂದು ಈ ನೆಪದಲ್ಲಿ ಒಮ್ಮೆ ವಿಚಾರಿಸಿ.

ಚೇಳಿನ ವಿಷಯದಲ್ಲಿ ನಿಮ್ಮ ಅತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಚೇಳಿನ ವಿಷದ ಪ್ರೊಟೀನುಗಳು ಗಾತ್ರದಲ್ಲಿ ದೊಡ್ಡವು. ಅವು ಪೊರೆಯನ್ನು ದಾಟಲಾರದೆ ಹೊರಬದಿಯಲ್ಲೇ ನಿಂತು ಸೋಡಿಯಂ ಚಾನೆಲ್‌ಗಳು ಮುಚ್ಚಿಕೊಳ್ಳದಂತೆ ತಡೆಯುತ್ತವೆ. ಲಿಗ್ನೋಕೇನ್ ಕೆಲಸ ಮಾಡುವುದು ಒಳಬದಿಯಿಂದ. ಆದರೆ ಎರಡರ ಗುರಿಯೂ ಅದೇ ಚಾನೆಲ್. ಹಿಂದೆ ಚೇಳು ಕುಟುಕಿದ್ದ ಕೆಲವರಲ್ಲಿ ಸ್ಥಳೀಯ ಅರಿವಳಿಕೆ ಹಿಡಿಯಲಿಲ್ಲವೆಂದು ಭಾರತದ ಅರಿವಳಿಕೆ ತಜ್ಞರು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿ ಮಾಡಿದ್ದಾರೆ. ಅವು ಬಿಡಿ ಪ್ರಕರಣಗಳ ವರದಿಗಳು. ಚೇಳು ಕುಟುಕಿದ ಎಲ್ಲರಿಗೂ ಹೀಗಾಗುತ್ತದೆ ಎಂದು ಅವುಗಳಿಂದ ತೀರ್ಮಾನಿಸಲಾಗದು, ಮತ್ತು ತುಟಿ ಚೆನ್ನಾಗಿ ಮರಗಟ್ಟಿದ ನಿಮ್ಮ ತಂದೆಯವರಲ್ಲಿ ಅದೇ ಕಾರಣ ಎನ್ನುವುದಕ್ಕಿಂತ ಕೀವು ಕಾರಣ ಎನ್ನುವುದು ಹೆಚ್ಚು ಸಮಂಜಸ. ಆದರೂ ಮುಂದಿನ ಸಲ ವೈದ್ಯರಿಗೆ ಈ ವಿಷಯ ತಿಳಿಸಿ. ರೋಗಿಯ ಹಳೆಯ ಕಥೆಯಲ್ಲಿ ಬೇಡದ್ದು ಎಂಬುದು ಕಡಿಮೆ.

ನೆನಪಿನ ಶಕ್ತಿ ಹೋಗುವ ಭಯ ಬೇಡ. ದವಡೆಗೆ ಕೊಟ್ಟ ಔಷಧಿ ನರದೊಳಗೆ ಏಣಿ ಹತ್ತಿದಂತೆ ಮೆದುಳಿಗೆ ಏರುವುದಿಲ್ಲ. ಅದು ನಿಧಾನವಾಗಿ ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ಒಡೆದು, ಮೂತ್ರದಲ್ಲಿ ಹೊರಹೋಗುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ಒಂದೂವರೆಯಿಂದ ಎರಡು ಗಂಟೆ ಸಾಕು. ತೂಬಿಗೆ ಅಂಟಿದ ಅಣುಗಳೂ ಕಳಚಿಕೊಳ್ಳುತ್ತವೆ, ನರ ಮೊದಲಿನಂತಾಗುತ್ತದೆ. ಅಪಾಯವಿರುವುದು ಬೇರೆ ಕಡೆ: ಪ್ರಮಾಣ ಮಿತಿ ಮೀರಿದರೆ ಅಥವಾ ಸೂಜಿ ನೇರವಾಗಿ ರಕ್ತನಾಳಕ್ಕೆ ಹೋದರೆ ರಕ್ತದ ಮೂಲಕ ಮೆದುಳಿಗೂ ಹೃದಯಕ್ಕೂ ಒಮ್ಮೆಲೇ ಹೆಚ್ಚು ಔಷಧಿ ತಲುಪಬಹುದು. ಬಾಯಿಯ ಸುತ್ತ ಜುಮುಗುಟ್ಟುವುದು, ಕಿವಿಯಲ್ಲಿ ಗುಂಯ್ ಎನ್ನುವುದು, ನಾಲಿಗೆಗೆ ಲೋಹದ ರುಚಿ, ತೊದಲು ಮಾತು ಅದರ ಮೊದಲ ಲಕ್ಷಣಗಳು. ಹೆಚ್ಚಾದರೆ ಸೆಳವು ಬರಬಹುದು, ಹೃದಯದ ಬಡಿತ ಏರುಪೇರಾಗಬಹುದು. ಇದಕ್ಕೆ ಚಿಕಿತ್ಸೆಯೂ ನಮ್ಮ ಕೊಬ್ಬಿನ ಕಥೆಯ ಮುಂದುವರಿಕೆಯೇ. ರಕ್ತನಾಳದ ಮೂಲಕ ಶೇ. 20ರ ಕೊಬ್ಬಿನ ದ್ರಾವಣವನ್ನು ಕೊಟ್ಟರೆ ಕೊಬ್ಬನ್ನು ಬಯಸುವ ಔಷಧಿ ಹೃದಯ ಮತ್ತು ಮೆದುಳಿನಿಂದ ಬಿಟ್ಟು ಅದರೊಳಗೆ ಸೇರಿಕೊಳ್ಳುತ್ತದೆ.

ನಿಮ್ಮ ತಂದೆಯವರಿಗೆ ಆ ಮಿತಿ ಎಷ್ಟೆಂಬ ಲೆಕ್ಕ ಕೊಡುತ್ತೇನೆ. ಅಡ್ರಿನಲಿನ್ ಬೆರೆತ ಲಿಗ್ನೋಕೇನಿನ ಸಾಮಾನ್ಯ ಗರಿಷ್ಠ ಪ್ರಮಾಣ ಪ್ರತಿ ಕೆ.ಜಿ. ತೂಕಕ್ಕೆ 7 ಮಿಲಿಗ್ರಾಂ. ಅಂದರೆ 60 ಕೆ.ಜಿ.ಗೆ 420 ಮಿಲಿಗ್ರಾಂ. ಶೇ. 2ರ ಔಷಧಿಯ ಪ್ರತಿ ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಇರುತ್ತದೆ. ಪ್ರತಿ ಸಲ 2 ಮಿಲಿಲೀಟರಿನಂತೆ ಮೂರು ಸಲ ಕೊಟ್ಟಿದ್ದರೂ ಒಟ್ಟು 120 ಮಿಲಿಗ್ರಾಂ ಮಾತ್ರ ಆಯಿತು. ಔಷಧಿಯ ದೃಷ್ಟಿಯಿಂದ ಅದು ಸುರಕ್ಷಿತವೇ. ಹೃದಯದ ತೊಂದರೆ ಇದ್ದವರಲ್ಲಿ ಮಾತ್ರ ಅಡ್ರಿನಲಿನ್ ಮಿತಿ ಬೇರೆ. ಒಂದು ಸಲಕ್ಕೆ 0.04 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳುತ್ತಾರೆ, ಅಂದರೆ 80,000ಕ್ಕೆ 1ರಂತೆ ಬೆರೆಸಿದ ಔಷಧಿಯಲ್ಲಿ ಕೇವಲ 3.2 ಮಿಲಿಲೀಟರ್. ನೀವು ಹೃದಯದ ವಿಷಯ ಬರೆದಿಲ್ಲ. ಅಂಥದ್ದೇನಾದರೂ ಇದ್ದರೆ ದಂತವೈದ್ಯರಿಗೆ ಮೊದಲೇ ಹೇಳಲೇಬೇಕು.

ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನಾನೂ ಕೀವುಗುಳ್ಳೆಗಳ ಸುತ್ತ ಇನ್ನಷ್ಟು, ಮತ್ತಷ್ಟು ಎಂದು ಔಷಧಿ ಹಾಕಿದ್ದುಂಟು. ಒಬ್ಬ ಹಿರಿಯ ರೈತರು, ಅಂಗೈಯಲ್ಲಿ ಕೀವು ತುಂಬಿ ಬಂದಿದ್ದವರು, ಹಲ್ಲು ಕಚ್ಚಿ ಕಣ್ಣೀರು ಸುರಿಸುತ್ತಾ ನೀವು ಮಾಡಿ ಸ್ವಾಮಿ, ನಾನು ತಡೀತೀನಿ ಎಂದರು. ಅಂದು ನನ್ನ ಮೇಲಿನವರು ಬಂದು, ಕೀವಿನ ಹತ್ತಿರ ಹೋಗದೆ ಮಣಿಕಟ್ಟಿನಲ್ಲಿ ನರಕ್ಕೆ ಸ್ವಲ್ಪವೇ ಔಷಧಿ ಕೊಟ್ಟರು. ಹತ್ತು ನಿಮಿಷದಲ್ಲಿ ಆ ಕೈ ನೆಮ್ಮದಿಯಾಯಿತು. ಅವರಿಗೆ ಅಷ್ಟು ಹೊತ್ತು ನೋವು ಕೊಟ್ಟದ್ದು ಇಂದಿಗೂ ನನ್ನ ಮನಸ್ಸಿನಲ್ಲಿ ಉಳಿದಿದೆ. ಪ್ರಮಾಣ ಹೆಚ್ಚಿಸುವ ಮೊದಲು ಜಾಗ, ದಾರಿ ಅಥವಾ ಸಮಯವನ್ನು ಬದಲಿಸಿ ಎಂದು ನಾನು ಕಿರಿಯರಿಗೆ ಹೇಳುವುದು ಅಲ್ಲಿಂದ ಬಂದದ್ದು.

ನಿಮ್ಮ ವೈದ್ಯರು ಆರಿಸಿಕೊಂಡದ್ದು ಸಮಯವನ್ನು. ಕೀವಿಗೆ ದಾರಿ ಮಾಡಿ, ಅಗತ್ಯವಿದ್ದರೆ ಆಂಟಿಬಯೋಟಿಕ್ ಕೊಟ್ಟು, ಊತ ಇಳಿದ ಮೇಲೆ ಮತ್ತೆ ಪ್ರಯತ್ನಿಸಿದರೆ ಅಂಗಾಂಶದ ಆಮ್ಲೀಯತೆ ಕಡಿಮೆಯಾಗಿ ಅದೇ ಔಷಧಿ ಚೆನ್ನಾಗಿ ನಾಟುತ್ತದೆ. ಇಲ್ಲಿ ಒಂದು ತಪ್ಪು ಬಹಳ ಮನೆಗಳಲ್ಲಿ ಆಗುತ್ತದೆ. ಮಾತ್ರೆಯಿಂದ ನೋವು ಕಡಿಮೆಯಾದ ಕೂಡಲೇ ಹಲ್ಲು ವಾಸಿಯಾಯಿತೆಂದು ಸುಮ್ಮನಾಗುತ್ತಾರೆ. ಸತ್ತ ಹಲ್ಲಿನೊಳಗೆ ರಕ್ತವೇ ಹರಿಯುವುದಿಲ್ಲವಾದ್ದರಿಂದ ಆಂಟಿಬಯೋಟಿಕ್ ಅಲ್ಲಿಗೆ ತಲುಪುವುದಿಲ್ಲ. ಹಲ್ಲನ್ನು ಕೀಳಬೇಕು ಅಥವಾ ರೂಟ್ ಕೆನಾಲ್ ಆಗಬೇಕು, ಇಲ್ಲದಿದ್ದರೆ ಕೀವು ಮರಳಿ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಅದು ಇನ್ನೂ ಬೇಗ, ಇನ್ನೂ ಜೋರಾಗಿ ಬರಬಹುದು. ಅತ್ತ ಸೋಂಕು ಸಕ್ಕರೆಯನ್ನು ಏರಿಸುತ್ತದೆ, ಇತ್ತ ಏರಿದ ಸಕ್ಕರೆ ಸೋಂಕನ್ನು ಬೆಳೆಸುತ್ತದೆ. ಈ ದಿನಗಳಲ್ಲಿ ಅವರ ಸಕ್ಕರೆಯನ್ನು ಪರೀಕ್ಷಿಸಿಕೊಂಡೇ ಹೋಗಿ.

ಮುಂದಿನ ಭೇಟಿಯಲ್ಲೂ ತುಟಿ ಮರಗಟ್ಟಿ ಹಲ್ಲು ನೋಯುತ್ತಲೇ ಇದ್ದರೆ ದಂತವೈದ್ಯರ ಕೈಯಲ್ಲಿ ಇನ್ನೂ ಹಲವು ದಾರಿಗಳಿವೆ. ಮುಖ್ಯ ನರಕ್ಕೆ ಸ್ವಲ್ಪ ಮೇಲಿನಿಂದ, ಬೇರೆ ಕೋನದಲ್ಲಿ ಕೊಟ್ಟರೆ ತಪ್ಪಿಹೋಗಿದ್ದ ಶಾಖೆಯೂ ಸಿಗಬಹುದು. ಇಂಥ ಇಂಜೆಕ್ಷನ್ನಿನಿಂದ ಕೆಲವರಿಗೆ ರಕ್ತ ಹೆಪ್ಪುಗಟ್ಟಿ ಕೆಲವು ದಿನ ಬಾಯಿ ತೆರೆಯಲು ನೋವಾಗುತ್ತದೆ. ಬಹಳ ಅಪರೂಪಕ್ಕೆ ನರಕ್ಕೇ ಪೆಟ್ಟಾಗಿ ತಿಂಗಳುಗಟ್ಟಲೆ ಜೋಮು ಉಳಿಯುವುದೂ ಉಂಟು. ಮುಖ್ಯ ಇಂಜೆಕ್ಷನ್ನಿನ ಜೊತೆಗೆ ಹಲ್ಲಿನ ಹೊರಬದಿಯ ವಸಡಿಗೆ ಆರ್ಟಿಕೇನ್ ಎಂಬ ಇನ್ನೊಂದು ಮರಗಟ್ಟಿಸುವ ಔಷಧಿ ಕೊಡುವುದು ಕೆಳದವಡೆಯಲ್ಲಿ ಚೆನ್ನಾಗಿ ಸಹಾಯ ಮಾಡುತ್ತದೆ, ಆದರೆ ಆ ಜಾಗದಲ್ಲೇ ಕೀವಿದ್ದರೆ ಅದು ಸೂಕ್ತವಲ್ಲ. ಹಲ್ಲಿನ ಸುತ್ತಲಿನ ಮೂಳೆಯೊಳಗೇ ಔಷಧಿ ಬಿಡುವ ವಿಧಾನ ಬಹಳ ಪರಿಣಾಮಕಾರಿ, ಅಡ್ರಿನಲಿನ್‌ನಿಂದ ಕೆಲವು ನಿಮಿಷ ಎದೆ ಡವಡವ ಎನ್ನಬಹುದು. ಹಲ್ಲಿನ ತಿರುಳಿಗೇ ಚುಚ್ಚುವುದು ಕಡೆಯ ಉಪಾಯ. ಆ ಕ್ಷಣ ತೀವ್ರ ನೋವಾಗಿ ಆಮೇಲೆ ಪೂರ್ತಿ ಶಮನವಾಗುತ್ತದೆ. ಹಾಗೆ ಮಾಡುವುದಾದರೆ ಮೊದಲೇ ಹೇಳಿಯೇ ಮಾಡಬೇಕು.

ಔಷಧಿಯನ್ನೇ ಬದಲಿಸಿದರೆ ಹೇಗೆ ಎಂದು ನೀವು ಕೇಳಬಹುದು. ಮೆಪಿವಕೇನ್‌ಗೆ ಎರಡು ರೂಪಗಳೂ ಸಮನಾಗುವ ಪಿಎಚ್ 7.6. ಮೇಲಿನ ಅದೇ ಲೆಕ್ಕದಂತೆ ಕೀವಿನ ಆಮ್ಲದಲ್ಲಿ ಅದರ 100ರಲ್ಲಿ ಸುಮಾರು 6 ಅಣುಗಳು ದಾಟಬಲ್ಲವು. ಲಿಗ್ನೋಕೇನಿಗಿಂತ ದುಪ್ಪಟ್ಟು ನಿಜ, ಆದರೂ ಕಡಿಮೆಯೇ. ಇಂಜೆಕ್ಷನ್ನಿಗೆ ಮೊದಲು ಲಿಗ್ನೋಕೇನಿಗೆ ಸೋಡಿಯಂ ಬೈಕಾರ್ಬೊನೇಟ್ ಬೆರೆಸಿ ಆಮ್ಲವನ್ನು ತಗ್ಗಿಸುವ ಕ್ರಮವೂ ಇದೆ. ಹೊಗೆಸೊಪ್ಪಿಗೆ ಸುಣ್ಣ ಹಚ್ಚುವುದರ ಸುರಕ್ಷಿತ ವೈದ್ಯಕೀಯ ರೂಪ ಅದು ಎನ್ನಬಹುದು. ಚುಚ್ಚುವಾಗಿನ ಉರಿ ಅದರಿಂದ ಖಂಡಿತ ಕಡಿಮೆಯಾಗುತ್ತದೆ. ಕೀವಿನ ಎದುರು ಅದೊಂದೇ ಸಾಕಾಗುತ್ತದೆ ಎಂದು ಮಾತ್ರ ನಂಬಬೇಡಿ. ಹೋಗುವ ಒಂದು ಗಂಟೆ ಮೊದಲು ಐಬುಪ್ರೊಫೆನ್ ತೆಗೆದುಕೊಂಡರೆ ಪ್ರೊಸ್ಟಗ್ಲಾಂಡಿನ್ ಕಡಿಮೆಯಾಗಿ ಇಂಜೆಕ್ಷನ್ ಹೆಚ್ಚು ಚೆನ್ನಾಗಿ ಹಿಡಿಯುತ್ತದೆ. ಆದರೆ ಹತ್ತು ವರ್ಷ ಸಕ್ಕರೆ ಕಾಯಿಲೆ ಇರುವವರ ಮೂತ್ರಪಿಂಡ ಹೇಗಿದೆ ಎಂದು ನೋಡದೆ ಆ ಮಾತ್ರೆ ಕೊಡಬಾರದು. ಹೊಟ್ಟೆಯ ಹುಣ್ಣು ಇದ್ದವರಿಗೂ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೂ ಅದು ಸರಿಹೋಗುವುದಿಲ್ಲ. ಅವರ ಸಕ್ಕರೆ ಕಾಯಿಲೆಯನ್ನು ನೋಡುವ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಪೂರ್ತಿ ಪ್ರಜ್ಞೆ ತಪ್ಪಿಸಿ ಹಲ್ಲು ಕೀಳುವುದಂತೂ ಒಂದೇ ಹಲ್ಲಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಊತದಿಂದ ಬಾಯಿ ತೆರೆಯಲಾಗದವರಿಗೆ ಅದು ಬೇಕಾದರೂ, ಉಸಿರಿನ ನಳಿಕೆ ಹಾಕುವುದೇ ಕಠಿಣವಾಗುವುದರಿಂದ ಅರಿವಳಿಕೆ ತಜ್ಞರು ಮತ್ತು ತೀವ್ರ ನಿಗಾ ಘಟಕ ಇರುವ ಆಸ್ಪತ್ರೆಯಲ್ಲೇ ಆಗಬೇಕು.

ಹೋಗುವ ದಿನ ನಿಮ್ಮ ತಂದೆಯವರು ಹಸಿದ ಹೊಟ್ಟೆಯಲ್ಲಿ ಹೋಗುವುದು ಬೇಡ, ತಿಂಡಿ ತಿಂದು ಎಂದಿನ ಸಕ್ಕರೆ ಮಾತ್ರೆ ತೆಗೆದುಕೊಂಡೇ ಹೋಗಲಿ. ಕಳೆದ ಸಲ ಎಲ್ಲಿ ಮರಗಟ್ಟಿತು, ಎಲ್ಲಿ ಮರಗಟ್ಟಲಿಲ್ಲ ಎಂಬುದನ್ನು ನನಗೆ ಬರೆದಷ್ಟೇ ವಿವರವಾಗಿ ವೈದ್ಯರಿಗೂ ಹೇಳಿ. ಹಲ್ಲು ಕೀಳುವಾಗ ಒತ್ತಿದ, ಎಳೆದ ಅನುಭವ ಆಗುತ್ತದೆ, ಚುಚ್ಚಿದಂಥ ನೋವು ಆಗಬಾರದು ಎಂದು ತಂದೆಯವರಿಗೆ ತಿಳಿಸಿ, ನೋವಾದರೆ ಕೈ ಎತ್ತಲು ಹೇಳಿ. ಮುಗಿದ ಮೇಲೆ ಎರಡು ಮೂರು ಗಂಟೆ ಬಿಸಿ ಕಾಫಿಯಾಗಲಿ ಗಟ್ಟಿ ಊಟವಾಗಲಿ ಬೇಡ. ಮರಗಟ್ಟಿದ ತುಟಿ, ನಾಲಿಗೆ ಹಲ್ಲಿಗೆ ಸಿಕ್ಕರೂ ತಿಳಿಯುವುದಿಲ್ಲ, ಆ ಗಾಯ ಸಕ್ಕರೆ ಕಾಯಿಲೆಯವರಲ್ಲಿ ಬೇಗ ಮಾಯುವುದಿಲ್ಲ. ಆ ದಿನಕ್ಕೆ ಮೊದಲೇ ಊತ ಗಲ್ಲದ ಕೆಳಗೆ ಅಥವಾ ಕುತ್ತಿಗೆಗೆ ಇಳಿದರೆ, ನಾಲಿಗೆ ಮೇಲಕ್ಕೆ ಎತ್ತಿದಂತಾದರೆ, ಎಂಜಲು ನುಂಗಲು ಕಷ್ಟವಾದರೆ, ಮಾತು ಗೊಗ್ಗರಾದರೆ ಅಥವಾ ಚಳಿಜ್ವರ ಬಂದರೆ ಕೊಟ್ಟ ದಿನಾಂಕಕ್ಕೆ ಕಾಯಬೇಡಿ. ನಡುರಾತ್ರಿಯಾದರೂ ಸರಿ, ತುರ್ತು ವಿಭಾಗವಿರುವ ದೊಡ್ಡ ಆಸ್ಪತ್ರೆಗೆ ಅವರನ್ನು ಕೂಡಲೇ ಕರೆದುಕೊಂಡು ಹೋಗಿ.